ಚುಕ್ಕಿ ಯಾಕೆ ಹಾಗೆ ಬಂತು ಅಂತ ಮೊದಲು ನೋಡಿ, ಸಾಮಾನು ಆಮೇಲೆ ಕೊಳ್ಳಿ

ಓದುಗರ ಪ್ರಶ್ನೆ: ನನ್ನ ಹತ್ತಿರ 150 ಮಿ.ಮೀ. ಕನ್ನಡಿಯ, 750 ಮಿ.ಮೀ. ಫೋಕಲ್ ಲೆಂತ್ ಇರುವ ನ್ಯೂಟೋನಿಯನ್ ಟೆಲಿಸ್ಕೋಪ್ ಇದೆ. ಮೋಟಾರ್ ಇರುವ ಇಕ್ವಟೋರಿಯಲ್ ಮೌಂಟ್ (ಚುಕ್ಕಿಗಳ ಹಿಂದೆಯೇ ಟೆಲಿಸ್ಕೋಪನ್ನು ತಿರುಗಿಸುವ ಸ್ಟ್ಯಾಂಡ್), ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ. ಕ್ಯಾಮೆರಾವನ್ನು ನೇರವಾಗಿ ಜೋಡಿಸಿದರೆ ಫೋಕಸ್ಸೇ ಸಿಗುವುದಿಲ್ಲ. ಗೊತ್ತಿದ್ದವರ ಮಾತು ಕೇಳಿ ನಡುವೆ ಎರಡು ಪಟ್ಟಿನ ಬಾರ್ಲೋ (ಚಿತ್ರವನ್ನು ಹಿಗ್ಗಿಸುವ ಲೆನ್ಸ್) ಹಾಕಿದೆ, ಫೋಕಸ್ ಬಂತು. ಆದರೆ ಒಂದು ನಿಮಿಷದ ಎಕ್ಸ್‌ಪೋಷರ್ ಕೊಟ್ಟರೆ ಚುಕ್ಕಿಗಳೆಲ್ಲ ಗೆರೆ. 30 ಸೆಕೆಂಡಿನ ಹತ್ತು ಫೋಟೋ ತೆಗೆದರೆ ಮೂರೋ ನಾಲ್ಕೋ ಚೆನ್ನಾಗಿರುತ್ತವೆ, ಉಳಿದವು ಹಾಳು. ಒಂದು ಗಂಟೆ ಕಳೆದ ಮೇಲೆ ಎಲ್ಲವೂ ಮಂಕು. ಬೀದಿ ದೀಪದ ಬೆಳಕೇ ಕಾರಣ ಅಂತ ನನ್ನ ಅನುಮಾನ. ಐಪೀಸ್ ಸೆಟ್, ಲೈಟ್ ಪೊಲ್ಯೂಷನ್ ಫಿಲ್ಟರ್, ಕೋಮಾ ಕರೆಕ್ಟರ್, ಗೈಡ್ ಸ್ಕೋಪ್ ಜೊತೆಗೆ ಗೈಡ್ ಕ್ಯಾಮೆರಾ, ಡ್ಯೂ ಹೀಟರ್, ಲೇಸರ್ ಕಾಲಿಮೇಟರ್ ಅಂತ ಪಟ್ಟಿ ಮಾಡಿದ್ದೇನೆ. ಈ ವರ್ಷ ಎರಡು ಮಾತ್ರ ಕೊಳ್ಳಬಲ್ಲೆ. ಯಾವ ಎರಡು?

ಉತ್ತರ: ನೀವು ಕೇಳಿದ್ದು ಏನು ಕೊಳ್ಳಬೇಕು ಅಂತ. ಆದರೆ ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳಿವೆ. ಫೋಕಸ್ ಸಿಗುವುದಿಲ್ಲ, ಚುಕ್ಕಿ ಎಳೆದುಕೊಳ್ಳುತ್ತದೆ, ಒಂದು ಗಂಟೆಯ ನಂತರ ಚಿತ್ರ ಮಂಕಾಗುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ. ಬಾರ್ಲೋ ಮೊದಲನೆಯದನ್ನು ಮುಚ್ಚಿಹಾಕಿ ಎರಡನೆಯದನ್ನು ದೊಡ್ಡದು ಮಾಡಿದೆ. ಮೂರನೆಯದಕ್ಕೂ ಬೀದಿ ದೀಪಕ್ಕೂ ಬಹುಶಃ ಸಂಬಂಧವೇ ಇಲ್ಲ. ಒಂದೊಂದಾಗಿ ಬಿಡಿಸೋಣ.

ಫೋಕಸ್ ವಿಷಯ ಮೊದಲು. ಟೆಲಿಸ್ಕೋಪ್ ಕೆಟ್ಟಿಲ್ಲ, ನೀವೂ ತಪ್ಪು ಮಾಡಿಲ್ಲ. ಬಹಳಷ್ಟು ನ್ಯೂಟೋನಿಯನ್‌ಗಳನ್ನು ಕಣ್ಣಿನಲ್ಲಿ ನೋಡುವುದಕ್ಕೆ ಅಂತಲೇ ಮಾಡಿರುತ್ತಾರೆ. ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಲೆನ್ಸಿಗೆ, ಬೇಕಾದ ಜಾಗದಲ್ಲಿ ಬೆಳಕು ಬಂದು ಕೂಡುತ್ತದೆ. ಡಿಎಸ್‌ಎಲ್‌ಆರ್‌ನ ಸೆನ್ಸರ್ ಹಾಗಲ್ಲ, ಅದು ಒಳಗೆ ಹೂತುಕೊಂಡಿರುತ್ತದೆ. ಲೆನ್ಸ್ ಕೂರುವ ಲೋಹದ ಬಳೆಯಿಂದ ಸೆನ್ಸರ್‌ಗೆ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ 44ರಿಂದ 46.5 ಮಿ.ಮೀ. ದೂರ. ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಬಳೆ, ಟಿ-ರಿಂಗ್, ಸೇರಿದರೆ ಅದು 55 ಮಿ.ಮೀ. ಆಗುತ್ತದೆ. ಅದರ ಮುಂದೆ ಮತ್ತೊಂದು ಅಡಾಪ್ಟರ್ ಹಾಕಿದರೆ ಇನ್ನೂ ಜಾಸ್ತಿ. ಫೋಕಸರನ್ನು ಪೂರ್ತಿ ಒಳಗೆ ತಿರುಗಿಸಿದರೂ ಸೆನ್ಸರ್ ಒಂದೆರಡು ಸೆಂಟಿಮೀಟರ್ ಹೊರಗೇ ಉಳಿಯುತ್ತದೆ.

ಬಾರ್ಲೋ ಫೋಕಸ್ ಬಿಂದುವನ್ನು ಹೊರಗೆ ತಳ್ಳುತ್ತದೆ, ಅದಕ್ಕೇ ನಿಮಗೆ ಫೋಕಸ್ ಸಿಕ್ಕಿತು. ಅದಕ್ಕೆ ಬದಲಾಗಿ ಏನು ಕಳೆದುಕೊಂಡಿರಿ ಅಂತ ಒಂದು ಲೆಕ್ಕ ಹಾಕೋಣ. ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ನೋಡುತ್ತದೆ ಅನ್ನುವುದು ಸಿಗುತ್ತದೆ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಮಾಮೂಲಾಗಿರುವ 4.3 ಮೈಕ್ರಾನ್ ಹಿಡಿದರೆ ನಿಮ್ಮ ಟೆಲಿಸ್ಕೋಪಿಗೆ ಸುಮಾರು 1.2 ಆರ್ಕ್ ಸೆಕೆಂಡ್. ಬಾರ್ಲೋ ಹಾಕಿದ ಮೇಲೆ 0.6. ಅಂದರೆ ಮೌಂಟ್ ಮಾಡುವ ಪ್ರತಿ ತಪ್ಪೂ ಫೋಟೋದಲ್ಲಿ ಎರಡರಷ್ಟು ಉದ್ದವಾಗಿ ಕಾಣುತ್ತದೆ. ಫೋಕಲ್ ಲೆಂತನ್ನು ಕನ್ನಡಿಯ ಅಗಲದಿಂದ ಭಾಗಿಸಿದರೆ ಎಫ್/5 ಇದ್ದದ್ದು ಎಫ್/10 ಆಯಿತು. ಅದೇ ನೀಹಾರಿಕೆಯ ಬೆಳಕು ನಾಲ್ಕರಷ್ಟು ಜಾಗಕ್ಕೆ ಹರಡಿತು. ಒಂದು ಪಿಕ್ಸೆಲ್ಲಿಗೆ ಬೀಳುವುದು ಕಾಲು ಭಾಗ. ಅದನ್ನು ತುಂಬಿಕೊಳ್ಳಲು ಎಕ್ಸ್‌ಪೋಷರ್ ನಾಲ್ಕು ಪಟ್ಟು ಮಾಡಬೇಕು, ಮಾಡಿದರೆ ಚುಕ್ಕಿ ಇನ್ನೂ ಎಳೆಯುತ್ತದೆ. ಒಂದು ನಿಮಿಷಕ್ಕೆ ಗೆರೆ ಬಂದದ್ದು ಯಾಕೆ ಅಂತ ಈಗ ಅರ್ಥ ಆಯ್ತಲ್ವಾ?

ಬಾರ್ಲೋ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಗುರು, ಶನಿ, ಚಂದ್ರನ ಕುಳಿಗಳಿಗೆ ಅದು ಬೇಕೇ ಬೇಕು. ಅಲ್ಲಿ ಒಂದು ಫೋಟೋಕ್ಕೆ ಸೆಕೆಂಡಿನ ಸಣ್ಣದೊಂದು ಚೂರು ಸಾಕು. ವಿಡಿಯೋ ತೆಗೆದು, ಸಾವಿರಾರು ಚಿತ್ರಗಳಲ್ಲಿ ಗಾಳಿ ಶಾಂತವಾಗಿದ್ದ ಕ್ಷಣದವನ್ನು ಮಾತ್ರ ಆರಿಸಿಕೊಳ್ಳುತ್ತೇವೆ. ನೀಹಾರಿಕೆ, ಗೆಲಾಕ್ಸಿಗಳ ಕೆಲಸವೇ ಬೇರೆ.

ಬಾರ್ಲೋ ಇಲ್ಲದೆ ಫೋಕಸ್ ತರಲು ಏನೇನು ಮಾಡಬಹುದು? ಮೊದಲು ಫೋಕಸರಿನ ತುದಿಯಲ್ಲಿರುವ ಅಡಾಪ್ಟರನ್ನು ತಿರುಗಿಸಿ ಬಿಚ್ಚಿ ನೋಡಿ. ಕೆಲವು ಫೋಕಸರ್‌ಗಳಲ್ಲಿ ಅದರ ಕೆಳಗೆ ಟಿ-ರಿಂಗ್ ನೇರವಾಗಿ ಕೂರುವ ತಿರುಪಿನ ಗೆರೆಗಳು (ಥ್ರೆಡ್) ಇರುತ್ತವೆ. ಎಷ್ಟೋ ಜನರ ತೊಂದರೆ ಇಷ್ಟಕ್ಕೇ ಮುಗಿದಿದ್ದನ್ನು ನೋಡಿದ್ದೇನೆ. ಒಂದು ಕಾಸೂ ಖರ್ಚಿಲ್ಲ. ಅದೂ ಇಲ್ಲದಿದ್ದರೆ ಗಿಡ್ಡ ಫೋಕಸರ್ ಹಾಕಿಸಬಹುದು, ಅದಕ್ಕೆ ಕೊಳವೆಯಲ್ಲಿ ಹೊಸ ತೂತು ಕೊರೆಯಬೇಕಾಗಬಹುದು. ಇನ್ನೊಂದು ದಾರಿ, ಕೆಳಗಿನ ದೊಡ್ಡ ಕನ್ನಡಿಯನ್ನೇ ಮೇಲಕ್ಕೆ ತರುವುದು. ಕನ್ನಡಿಯ ಓರೆ ಸರಿಮಾಡುವ ಕಾಲಿಮೇಷನ್ ಸ್ಕ್ರೂಗಳನ್ನು ಉದ್ದದವಕ್ಕೆ ಬದಲಾಯಿಸಿ ಕನ್ನಡಿಯನ್ನು 25 ಮಿ.ಮೀ. ಏರಿಸಿದರೆ ಫೋಕಸ್ ಅಷ್ಟೇ 25 ಮಿ.ಮೀ. ಹೊರಗೆ ಬರುತ್ತದೆ. ಆದರೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಮೇಲಿನ ಚಿಕ್ಕ ಕನ್ನಡಿಯ ಹತ್ತಿರ ಬೆಳಕಿನ ಶಂಕು ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಚಿಕ್ಕ ಕನ್ನಡಿ ಅಷ್ಟು ದೊಡ್ಡದಿಲ್ಲದಿದ್ದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಐಪೀಸ್ ಹಾಕಿ ನೋಡುವಾಗ ಎಕ್ಸ್‌ಟೆನ್ಷನ್ ಟ್ಯೂಬ್ ಬೇಕಾಗುತ್ತದೆ. ಈ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ವಿಷಯ ನೆನಪಿಡಿ. ಮೂಲೆಯ ಚುಕ್ಕಿಗಳನ್ನು ತಿದ್ದುವ ಕೋಮಾ ಕರೆಕ್ಟರ್‌ಗಳಲ್ಲಿ ಕೆಲವು ತಾವೇ ಫೋಕಸನ್ನು ಸ್ವಲ್ಪ ಹೊರಗೆ ತಳ್ಳುತ್ತವೆ. ಮುಂದೆ ಕರೆಕ್ಟರ್ ಕೊಳ್ಳುವ ಮನಸ್ಸಿದ್ದರೆ ಅದು ಯಾವುದು ಅಂತ ನಿರ್ಧರಿಸಿ, ಅದು ಎಷ್ಟು ತಳ್ಳುತ್ತದೆ ಅಂತ ನೋಡಿಯೇ ಕನ್ನಡಿ ಸರಿಸಿ. ಇಲ್ಲದಿದ್ದರೆ ಅದೇ ಕೆಲಸ ಎರಡು ಸಲ.

ಈಗ ಎಳೆದುಕೊಳ್ಳುವ ಚುಕ್ಕಿಗಳು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ವಾಕ್ಯ ಇದು: ಹತ್ತರಲ್ಲಿ ಮೂರೋ ನಾಲ್ಕೋ ಚೆನ್ನಾಗಿವೆ. ಧ್ರುವದ ಕಡೆಗೆ ಮೌಂಟ್ ಸರಿಯಾಗಿ ತಿರುಗಿಲ್ಲ ಅನ್ನುವುದೊಂದೇ ಕಾರಣವಾಗಿದ್ದರೆ ಹತ್ತೂ ಒಂದೇ ರೀತಿ ಹಾಳಾಗಿರಬೇಕಿತ್ತು. ಕೆಲವು ಚೆನ್ನಾಗಿ, ಕೆಲವು ಹಾಳು ಅಂದರೆ ಹಲ್ಲು ಚಕ್ರದ ತೂಗಾಟ. ಮೌಂಟಿನೊಳಗಿನ ವರ್ಮ್ ಗೇರ್ ಸಾಮಾನ್ಯವಾಗಿ ಎಂಟು ಹತ್ತು ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಅದು ನೂರಕ್ಕೆ ನೂರು ಗುಂಡಗೆ ಇರುವುದಿಲ್ಲ. ಹಾಗಾಗಿ ಪ್ರತಿ ಸುತ್ತಿನಲ್ಲೂ ಟೆಲಿಸ್ಕೋಪ್ ಒಂದಷ್ಟು ಹೊತ್ತು ಮುಂದೆ ಓಡುತ್ತದೆ, ಒಂದಷ್ಟು ಹೊತ್ತು ಹಿಂದೆ ಬೀಳುತ್ತದೆ. ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ತುದಿಗೆ ಹೋದಾಗ ಅದು ಒಂದು ಗಳಿಗೆ ನಿಂತ ಹಾಗಿರುತ್ತದೆ, ನಡುವೆ ಜೋರು. ನಿಮ್ಮ ಒಳ್ಳೆಯ ಫೋಟೋಗಳು ಆ ತುದಿಗಳಲ್ಲಿ ತೆಗೆದವು.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಕಾಲು ಗಂಟೆ ಹೊತ್ತು ಒಂದೇ ಕಡೆ ನೋಡುತ್ತಾ 10 ಸೆಕೆಂಡಿನ ಫೋಟೋಗಳನ್ನು ಬಿಡದೆ ತೆಗೆಯಿರಿ. ಕಂಪ್ಯೂಟರಿಗೆ ಹಾಕಿ ಒಂದಾದ ಮೇಲೊಂದು ಬೇಗ ಬೇಗ ಓಡಿಸಿ. ಒಂದು ಚುಕ್ಕಿಯನ್ನೇ ದಿಟ್ಟಿಸಿ ನೋಡಿ. ಅದು ಆ ಕಡೆ ಈ ಕಡೆ ತೂಗಿದರೆ ಅದು ಗೇರ್. ಒಂದೇ ದಿಕ್ಕಿಗೆ ನಿಧಾನವಾಗಿ ಜಾರುತ್ತಾ ಹೋದರೆ ಅದು ಧ್ರುವದ ಕಡೆಗಿನ ಜೋಡಣೆಯ ತಪ್ಪು. ನಡುನಡುವೆ ಥಟ್ಟನೆ ಹಾರಿದರೆ ಗಾಳಿಯೋ ಎಳೆಯುತ್ತಿರುವ ಕೇಬಲ್ಲೋ. ಹೆಚ್ಚಿನವರ ಫೋಟೋಗಳಲ್ಲಿ ತೂಗಾಟ, ಜಾರುವಿಕೆ ಎರಡೂ ಸೇರಿಕೊಂಡಿರುತ್ತವೆ.

ಜಾರುವಿಕೆಗೆ ದುಡ್ಡು ಹಾಕಬೇಡಿ. ಧ್ರುವ ನಕ್ಷತ್ರವನ್ನು ಪೋಲಾರ್ ಸ್ಕೋಪಿನ (ಮೌಂಟಿನಲ್ಲಿರುವ, ಧ್ರುವದ ಕಡೆ ನೋಡುವ ಪುಟ್ಟ ದೂರದರ್ಶಕ) ನಟ್ಟನಡುವೆ ಇಟ್ಟರೆ ಸಾಕು ಅನ್ನುವುದು ತುಂಬಾ ಜನರ ನಂಬಿಕೆ. ಅದು ನಿಜವಾದ ಧ್ರುವದಿಂದ ಸುಮಾರು 40 ಆರ್ಕ್ ಮಿನಿಟ್ ದೂರದಲ್ಲಿದೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ. ಅಷ್ಟು ತಪ್ಪಿದರೆ ಚುಕ್ಕಿ ನಿಮಿಷಕ್ಕೆ 10 ಆರ್ಕ್ ಸೆಕೆಂಡಿನವರೆಗೆ ಜಾರಬಹುದು. ಬಾರ್ಲೋ ಜೊತೆ ಅದು ಹದಿನಾರು ಹದಿನೇಳು ಪಿಕ್ಸೆಲ್. ಪೋಲಾರ್ ಸ್ಕೋಪಿನೊಳಗಿನ ಗಡಿಯಾರದಂಥ ವೃತ್ತ ಇರುವುದೇ ಇದಕ್ಕೆ. ಆ ಹೊತ್ತಿಗೆ ಧ್ರುವ ನಕ್ಷತ್ರ ವೃತ್ತದ ಯಾವ ಜಾಗದಲ್ಲಿರಬೇಕು ಅಂತ ಫೋನ್ ಆಪ್ ಹೇಳುತ್ತದೆ, ಅಲ್ಲಿ ಇಡಿ.

ತೂಗಾಟಕ್ಕೆ ಎರಡು ದಾರಿಗಳಿವೆ. ಎಕ್ಸ್‌ಪೋಷರ್ ಕಡಿಮೆ ಮಾಡಿ, ಸಂಖ್ಯೆ ಜಾಸ್ತಿ ಮಾಡುವುದು ಒಂದು. 15 ಸೆಕೆಂಡಿನ ಇನ್ನೂರು ಫೋಟೋ ತೆಗೆದು, ಹಾಳಾದವನ್ನು ಬಿಟ್ಟು ಉಳಿದವನ್ನು ಸ್ಟ್ಯಾಕ್ ಮಾಡಿ, ಅಂದರೆ ತಂತ್ರಾಂಶದಿಂದ ಕೂಡಿಸಿ ಒಂದೇ ಚಿತ್ರ ಮಾಡಿ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಉಚಿತ. ಮಹಾವ್ಯಾಧದ ನೀಹಾರಿಕೆಯಂಥ ಪ್ರಕಾಶದ ವಸ್ತುಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಸುಕಾದ ಗೆಲಾಕ್ಸಿಗಳಿಗೆ ಸಾಲದು, ಯಾಕೆಂದರೆ ಪ್ರತಿ ಫೋಟೋದಲ್ಲೂ ಕ್ಯಾಮೆರಾ ಸ್ವಲ್ಪ ನಾಯ್ಸ್ (ಕಾಳುಕಾಳಾದ ಮಚ್ಚೆ) ಸೇರಿಸುತ್ತದೆ, ಮಂದ ಬೆಳಕು ಅದರಲ್ಲಿ ಮುಳುಗುತ್ತದೆ.

ಎರಡನೆಯದು ಗೈಡಿಂಗ್. ಪುಟ್ಟ ಟೆಲಿಸ್ಕೋಪಿನಲ್ಲಿ ಪುಟ್ಟ ಕ್ಯಾಮೆರಾ ಕೂತು ಒಂದು ಚುಕ್ಕಿಯನ್ನು ಎರಡು ಮೂರು ಸೆಕೆಂಡಿಗೊಮ್ಮೆ ನೋಡುತ್ತದೆ. ಅದು ಪಿಕ್ಸೆಲ್ಲಿನ ಒಂದು ಭಾಗದಷ್ಟು ಸರಿದರೂ ಸಾಕು, ಪಿಎಚ್‌ಡಿ2 ತಂತ್ರಾಂಶ ಮೌಂಟಿಗೆ ತಿದ್ದುಪಡಿ ಕಳಿಸುತ್ತದೆ. ಅದೂ ಉಚಿತ. ನಿಮ್ಮ ಎರಡು ಖರೀದಿಗಳಲ್ಲಿ ಒಂದು ಇದೇ ಇರಲಿ ಅನ್ನುತ್ತೇನೆ. ಆದರೆ ಕೊಳ್ಳುವ ಮೊದಲು ಮೌಂಟಿನಲ್ಲಿ ಗೈಡ್ ಪೋರ್ಟ್ ಅಥವಾ ಕಂಪ್ಯೂಟರ್ ಜೋಡಿಸುವ ಪೋರ್ಟ್ ಇದೆಯಾ, ಎರಡೂ ಅಕ್ಷಕ್ಕೆ ಮೋಟಾರ್ ಇದೆಯಾ ನೋಡಿ. ಒಂದೇ ಮೋಟಾರಿನ ಸರಳ ಮೌಂಟ್‌ಗಳಲ್ಲಿ ಗೈಡಿಂಗ್‌ಗೆ ಅವಕಾಶವೇ ಇರದಿರಬಹುದು. ತೂಕವನ್ನೂ ಲೆಕ್ಕ ಹಾಕಿ. ಮೌಂಟ್ ಇಷ್ಟು ಹೊರುತ್ತದೆ ಅಂತ ತಯಾರಕರು ಹೇಳುವ ತೂಕ ಕಣ್ಣಿನಲ್ಲಿ ನೋಡುವುದಕ್ಕೆ. ಫೋಟೋಗೆ ಅದರ ಅರ್ಧ, ಹೆಚ್ಚೆಂದರೆ ಮೂರನೇ ಎರಡು ಭಾಗಕ್ಕೆ ನಿಲ್ಲಿಸಿದರೆ ಒಳ್ಳೆಯದು. ಗೈಡ್ ಸ್ಕೋಪ್ ಅಲುಗಾಡದ ಹಾಗೆ ಬಿಗಿಯಾಗಿ ಕೂರಬೇಕು. ಅದು ಕೂದಲೆಳೆಯಷ್ಟು ಬಾಗಿದರೂ ಪಿಎಚ್‌ಡಿ2 ತೋರಿಸುವ ಗ್ರಾಫ್ ಅಚ್ಚುಕಟ್ಟಾಗಿ ಕಾಣುತ್ತದೆ, ಫೋಟೋದಲ್ಲಿ ಮಾತ್ರ ಚುಕ್ಕಿ ಉದ್ದ. ಇನ್ನೊಂದು ಸಣ್ಣ ಉಪಾಯ: ತೂಕ ಸಮ ಮಾಡುವಾಗ ಪೂರ್ವದ ಕಡೆಗೆ ಸ್ವಲ್ಪವೇ ಸ್ವಲ್ಪ ಭಾರ ಇರಲಿ. ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಡೆಯುತ್ತವೆ, ಸಡಿಲ ಆಡುವುದಿಲ್ಲ.

ಇನ್ನು ಒಂದು ಗಂಟೆಯ ನಂತರದ ಮಂಕು. ಬೀದಿ ದೀಪ ಸಂಜೆಯಿಂದ ಒಂದೇ ಸಮ ಉರಿಯುತ್ತದೆ, ಅಲ್ವಾ? ಅದು ಒಂದು ಗಂಟೆ ಕಾದು ಯಾಕೆ ತೊಂದರೆ ಕೊಡಬೇಕು? ಮೊದಲ ಫೋಟೋ, ಕೊನೆಯ ಫೋಟೋ ಅಕ್ಕಪಕ್ಕ ಇಟ್ಟು ನೋಡಿ. ಆಕಾಶದ ಹಿನ್ನೆಲೆ ಬೆಳ್ಳಗಾಗಿ ಹಿಸ್ಟೊಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ಗ್ರಾಫ್) ಬಲಕ್ಕೆ ಸರಿದಿದ್ದರೆ ಬೆಳಕಿನ ಕಾಟ. ನೀವು ನೋಡುತ್ತಿದ್ದ ವಸ್ತು ಊರಿನ ಬೆಳಕಿನ ಕಡೆಗೆ ಇಳಿದಿರಬಹುದು. ಹಿನ್ನೆಲೆ ಹಾಗೇ ಇದ್ದು ಸಣ್ಣ ಚುಕ್ಕಿಗಳು ಮಾಯವಾಗಿ, ದೊಡ್ಡ ಚುಕ್ಕಿಗಳ ಸುತ್ತ ಮಸುಕು ಬಳೆ ಬಂದಿದ್ದರೆ ಅದು ಇಬ್ಬನಿ.

ನ್ಯೂಟೋನಿಯನ್‌ನಲ್ಲಿ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿ ಬೆಚ್ಚಗೆ ಇರುತ್ತದೆ. ಬಾಯಿಯ ಹತ್ತಿರ ಕೂತ ಚಿಕ್ಕ ಕನ್ನಡಿಯ ಬೆನ್ನು ಬಯಲು ಆಕಾಶಕ್ಕೆ ತೆರೆದಿರುತ್ತದೆ. ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಮೇಲೆ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಮುಂದಿನ ಸಲ ಮಂಕಾದಾಗ ಕೊಳವೆಯ ಬಾಯಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಚಿಕ್ಕ ಕನ್ನಡಿಯನ್ನು ನೋಡಿ. ಉಸಿರು ತಾಗದಿರಲಿ. ಹಾಲಿನ ಪೊರೆಯಂಥದ್ದು ಕಂಡರೆ ನಿಮ್ಮ ಉತ್ತರ ಸಿಕ್ಕಿತು. ದಯವಿಟ್ಟು ಒರೆಸಬೇಡಿ. ಒಮ್ಮೆ ಒಬ್ಬರು ಕರವಸ್ತ್ರದಿಂದ ಒರೆಸಿದ ಕನ್ನಡಿ ತಂದಿದ್ದರು. ಬೆಳಕಿಗೆ ಹಿಡಿದರೆ ಕೈ ಆಡಿದ ದಾರಿಯಲ್ಲೇ ಅರ್ಧ ಚಂದ್ರದ ಗೀರುಗಳು, ಒಂದರ ಮೇಲೊಂದು. ಅಲ್ಯೂಮಿನಿಯಂ ಲೇಪ ಅಷ್ಟು ಮೆತ್ತಗೆ. ಆ ಲೇಪ ಹೊಸದಾಗಿ ಹಾಕಿಸದೆ ಬೇರೆ ದಾರಿ ಇರಲಿಲ್ಲ.

ಕೊಳವೆಯ ಬಾಯಿಗೆ ಕಪ್ಪು ಫೋಮ್ ಹಾಳೆ ಸುತ್ತಿ ವ್ಯಾಸದ ಒಂದೂವರೆ ಪಟ್ಟು ಉದ್ದ ಮಾಡಿದರೆ ಎಷ್ಟೋ ರಾತ್ರಿ ಅಷ್ಟೇ ಸಾಕು. ಸಾಲದಿದ್ದರೆ ಚಿಕ್ಕ ಕನ್ನಡಿಯ ಬೆನ್ನಿಗೆ ಅಂಟಿಸುವ 12 ವೋಲ್ಟಿನ ಪುಟ್ಟ ಹೀಟರ್, ಗೈಡ್ ಸ್ಕೋಪಿನ ಮುಂದಿನ ಗಾಜಿಗೆ ಒಂದು ಪಟ್ಟಿ. ಶಾಖ ಹೆಚ್ಚು ಕಡಿಮೆ ಮಾಡುವ ಕಂಟ್ರೋಲರ್ ಇರುವುದನ್ನೇ ತೆಗೆದುಕೊಳ್ಳಿ. ಜಾಸ್ತಿ ಕಾಯಿಸಿದರೆ ಕೊಳವೆಯೊಳಗೆ ಬಿಸಿ ಗಾಳಿ ಎದ್ದು ಚುಕ್ಕಿಗಳು ಉಬ್ಬುತ್ತವೆ. ವೈರನ್ನು ಕನ್ನಡಿ ಹಿಡಿದಿರುವ ತೆಳು ಪಟ್ಟಿಯ ಗುಂಟವೇ ಅಂಟಿಸಿ, ಬೆಳಕಿನ ದಾರಿಗೆ ಅಡ್ಡ ಬಾರದ ಹಾಗೆ. ಇದು ನಿಮ್ಮ ಎರಡನೇ ಖರೀದಿ.

ಮಂಕಿಗೆ ಇನ್ನೊಂದು ಪಾಲುದಾರ ಇರಬಹುದು. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗುತ್ತದೆ. ನಿಮ್ಮ ಅಳತೆಯ ಉಕ್ಕಿನ ಕೊಳವೆ ಒಂದು ಡಿಗ್ರಿಗೆ ಸುಮಾರು 9 ಮೈಕ್ರಾನ್ ಕುಗ್ಗುತ್ತದೆ. ಎಫ್/5ರಲ್ಲಿ ಫೋಕಸ್ ಸರಿ ಅನ್ನಿಸಿಕೊಳ್ಳುವ ಒಟ್ಟು ಜಾಗವೇ 67 ಮೈಕ್ರಾನ್ ಆಸುಪಾಸು, ಒಂದು ತಲೆಕೂದಲಿನ ದಪ್ಪ. ಆರೇಳು ಡಿಗ್ರಿ ಇಳಿದರೆ ಸಂಜೆಯ ಫೋಕಸ್ ಹೋದ ಹಾಗೆಯೇ. ಇದಕ್ಕೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವನ್ನು ಸೇರಿಸುತ್ತೇನೆ, ಬಾಹ್ತಿನೋವ್ ಮಾಸ್ಕ್. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ತಿನೋವ್ 2005ರಲ್ಲಿ ಇದನ್ನು ಕಂಡುಹಿಡಿದರು. ಮೂರು ದಿಕ್ಕಿನ ಸೀಳುಗಳಿರುವ ಒಂದು ಬಿಲ್ಲೆ ಅಷ್ಟೆ. ಕೊಳವೆಯ ಬಾಯಿಗೆ ಹಾಕಿ ಪ್ರಕಾಶದ ಚುಕ್ಕಿಯೊಂದನ್ನು ಕ್ಯಾಮೆರಾ ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಿ. ಎರಡು ಗೆರೆ ಕತ್ತರಿಯಾಕಾರ, ನಡುವೆ ಮೂರನೆಯದು. ಫೋಕಸರ್ ಗುಬಟು ತಿರುಗಿಸಿದಂತೆ ಆ ಮೂರನೇ ಗೆರೆ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಕತ್ತರಿಯ ಸರಿಯಾದ ನಡುವಿಗೆ ಬಂದಾಗ ಕೈ ಬಿಡಿ. ಮಾಸ್ಕಿನ ನಕ್ಷೆ ಮುದ್ರಿಸಿ ದಪ್ಪ ರಟ್ಟಿನಲ್ಲಿ ನೀವೇ ಕತ್ತರಿಸಿಕೊಳ್ಳಬಹುದು. ಗಂಟೆಗೊಮ್ಮೆ ಹಾಕಿ ನೋಡಿ. ಫೋಟೋ ತೆಗೆಯುವಾಗ ತೆಗೆದಿಡಲು ಮರೆಯಬೇಡಿ.

ಪಟ್ಟಿಯಲ್ಲಿ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಐಪೀಸ್ ಸೆಟ್ ಬೇಡ. ನೇರವಾಗಿ ಕ್ಯಾಮೆರಾ ಜೋಡಿಸಿದಾಗ ಐಪೀಸ್ ದಾರಿಯಲ್ಲೇ ಇರುವುದಿಲ್ಲ. ಸೆಟ್ಟಿನಲ್ಲಿ ಐಪೀಸಿಗೆ ಹಾಕುವ ಸೂರ್ಯನ ಫಿಲ್ಟರ್ ಇದ್ದರೆ ಅದನ್ನಂತೂ ಬಳಸಲೇಬೇಡಿ. ಅದು ಕೇಂದ್ರೀಕರಿಸಿದ ಬಿಸಿಲಿಗೆ ಒಡೆದರೆ ಕಣ್ಣು ಹೋಗುತ್ತದೆ. ಸೂರ್ಯನಿಗೆ ಫಿಲ್ಟರ್ ಕೊಳವೆಯ ಬಾಯಿಗೇ, ಪೂರ್ತಿ ಮುಚ್ಚುವ ಹಾಗೆ ಇರಬೇಕು.

ಕನ್ನಡಿಗಳನ್ನು ಒಂದೇ ಗೆರೆಗೆ ತರಲು ಬಳಸುವ ಲೇಸರ್ ಕಾಲಿಮೇಟರ್ ಬಗ್ಗೆ ಎಚ್ಚರ. ಅಗ್ಗದವು ಎಷ್ಟೋ ಸಲ ತಾವೇ ಸೊಟ್ಟಗಿರುತ್ತವೆ. ಗೊತ್ತುಮಾಡಿಕೊಳ್ಳಲು ಅದನ್ನು ಹಲಗೆಗೆ ಬಡಿದ ಎರಡು ಜೋಡಿ ಮೊಳೆಗಳ ನಡುವೆ ಮಲಗಿಸಿ, ದೂರದ ಗೋಡೆಗೆ ಬೆಳಕು ಬಿಟ್ಟು ನಿಧಾನವಾಗಿ ಉರುಳಿಸಿ. ಕೆಂಪು ಚುಕ್ಕಿ ಒಂದೇ ಕಡೆ ನಿಂತರೆ ಸರಿ, ವೃತ್ತ ಬರೆದರೆ ಅದನ್ನು ನಂಬಿ ಕನ್ನಡಿ ತಿರುಗಿಸಬೇಡಿ. ಅದೇ ಕೆಲಸಕ್ಕೆ ಚೆಷೈರ್ ಅನ್ನುವ ಸರಳ ಕೊಳವೆ ಇನ್ನೂ ಭರವಸೆಯದು, ಒಳಗೆ ಸೊಟ್ಟಗಾಗುವಂಥದ್ದು ಏನೂ ಇಲ್ಲ.

ಕೋಮಾ ಕರೆಕ್ಟರ್ ಮುಂದಿನ ವರ್ಷಕ್ಕೆ ಇರಲಿ. ಎಫ್/5 ಕನ್ನಡಿಯಲ್ಲಿ ಮೂಲೆಯ ಚುಕ್ಕಿಗಳು ಧೂಮಕೇತುವಿನಂತೆ ಹೊರಗಡೆ ಬಾಲ ಚಾಚುವುದು ಸಹಜ. ಸದ್ಯಕ್ಕೆ ಮೂಲೆಗಳನ್ನು ಕತ್ತರಿಸಿ ಹಾಕಬಹುದು. ಎಳೆದ ಚುಕ್ಕಿಯನ್ನು ಹಾಗೆ ಕತ್ತರಿಸಲು ಬರುವುದಿಲ್ಲವಲ್ಲ, ಅದಕ್ಕೇ ಗೈಡಿಂಗ್ ಮೊದಲು ಅಂದದ್ದು. ಕೊಂಡಾಗ ಸೆನ್ಸರ್‌ವರೆಗಿನ ದೂರ ನಿಖರವಾಗಿರಬೇಕು, ಬಹಳಷ್ಟರಲ್ಲಿ 55 ಮಿ.ಮೀ. ಮಿಲಿಮೀಟರ್ ಒಂದೆರಡು ತಪ್ಪಿದರೂ ಮೂಲೆಯಲ್ಲಿ ಗೊತ್ತಾಗುತ್ತದೆ. ನಡುವೆ ಫಿಲ್ಟರ್ ಹಾಕಿದರೆ ಅದರ ಗಾಜಿನ ದಪ್ಪದ ಮೂರನೇ ಒಂದು ಭಾಗ ಕೂಡಿಸಿಕೊಳ್ಳಿ.

ಫಿಲ್ಟರ್ ಬಗ್ಗೆ ತುಂಬಾ ಜನ ಆಸೆ ಇಟ್ಟುಕೊಂಡು ನಿರಾಶರಾಗುವುದನ್ನು ಕಂಡಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಹಳದಿ ಸೋಡಿಯಂ ದೀಪಗಳ ಕಾಲದಲ್ಲಿ ಅದು ಒಳ್ಳೆಯ ಕೆಲಸ ಮಾಡುತ್ತಿತ್ತು, ಯಾಕೆಂದರೆ ಆ ಬೆಳಕು 589 ನ್ಯಾನೋಮೀಟರ್ ಸುತ್ತಮುತ್ತಲೇ ಜಾಸ್ತಿ, ಅಷ್ಟನ್ನು ತಡೆದರೆ ಆಯ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣವನ್ನೂ ಸುರಿಯುತ್ತದೆ. ಗೆಲಾಕ್ಸಿಯೂ ಕೃತ್ತಿಕೆಯೂ ಎಲ್ಲ ಬಣ್ಣದಲ್ಲೂ ಬೆಳಗುತ್ತವೆ. ದೀಪದ ಬೆಳಕಿನಿಂದ ಇವುಗಳ ಬೆಳಕನ್ನು ಬೇರೆ ಮಾಡುವ ಗಾಜು ಇಲ್ಲ. ಅವಕ್ಕೆ ಕತ್ತಲ ಆಕಾಶವೇ ಬೇಕು. ತಾವೇ ಬೆಳಗುವ ನೀಹಾರಿಕೆಗಳ ಮಾತು ಬೇರೆ. ಹೈಡ್ರೋಜನ್‌ನ 656.3, ಆಮ್ಲಜನಕದ 500.7 ನ್ಯಾನೋಮೀಟರ್ ಮಾತ್ರ ಬಿಡುವ ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಊರಿನ ನಡುವೆಯೂ ಅವನ್ನು ತೋರಿಸುತ್ತದೆ. ಆದರೆ ಮಾರ್ಪಾಡು ಮಾಡದ ಡಿಎಸ್‌ಎಲ್‌ಆರ್ ಆ ಕೆಂಪು ಬೆಳಕಿನಲ್ಲಿ ಕಾಲು ಭಾಗದಷ್ಟನ್ನೇ ಒಳಗೆ ಬಿಡುತ್ತದೆ. ಎಕ್ಸ್‌ಪೋಷರ್ ಉದ್ದ ಬೇಕು. ಗೈಡಿಂಗ್ ಇಲ್ಲದೆ ಅದನ್ನು ಕೊಂಡರೆ ಡಬ್ಬದಲ್ಲೇ ಉಳಿಯುತ್ತದೆ.

ಯಾವುದನ್ನೂ ತರಿಸುವ ಮೊದಲು ಒಂದು ರಾತ್ರಿ ಹೀಗೆ ಮಾಡಿ. ಬಾರ್ಲೋ ತೆಗೆದು ಫೋಕಸ್ ಬರುವ ಹಾಗೆ ಮಾಡಿಕೊಳ್ಳಿ. ಧ್ರುವ ನಕ್ಷತ್ರವನ್ನು ವೃತ್ತದ ಸರಿಯಾದ ಜಾಗದಲ್ಲಿ ಇಡಿ. ರಟ್ಟಿನ ಮಾಸ್ಕ್, ಬಾಯಿಗೆ ಫೋಮ್ ಹಾಳೆ. ಕತ್ತಲಾಗುವ ಮೊದಲೇ ಫೋಕಸ್ ಸುಮಾರಾಗಿ ಸರಿಮಾಡಿ, ಕೊಳವೆಯ ಬಾಯಿಗೆ ಸುಕ್ಕಿಲ್ಲದ ಬಿಳಿ ಟೀ ಶರ್ಟ್ ಕಟ್ಟಿ, ಹಿಸ್ಟೊಗ್ರಾಮ್ ನಡುವಿಗೆ ಬರುವ ಹಾಗೆ ಮುಸ್ಸಂಜೆ ಆಕಾಶದ ಇಪ್ಪತ್ತು ಮೂವತ್ತು ಫೋಟೋ ತೆಗೆಯಿರಿ. ಸ್ಟ್ಯಾಕ್ ಮಾಡುವಾಗ ಇವನ್ನು ಫ್ಲಾಟ್ ಅಂತ ಕೊಟ್ಟರೆ ಸೆನ್ಸರ್ ಮೇಲಿನ ಧೂಳಿನ ಕಲೆ, ಮೂಲೆಯ ಕಪ್ಪು ಎರಡೂ ಹೋಗುತ್ತವೆ. ಆಮೇಲಿಂದ ಕ್ಯಾಮೆರಾವನ್ನು ತಿರುಗಿಸಬೇಡಿ. ರಾತ್ರಿ 15 ಸೆಕೆಂಡಿನ ಇನ್ನೂರು ಫೋಟೋ ತೆಗೆದು, ಎಷ್ಟು ಉಳಿದವು, ಎಷ್ಟು ಬಿಟ್ಟಿರಿ ಅಂತ ಬರೆದಿಡಿ. ಇನ್ನೂರರಲ್ಲಿ ನೂರೈವತ್ತು ಉಳಿದರೆ ಗೈಡಿಂಗ್ ಕೂಡ ಈ ವರ್ಷ ಅವಸರದ್ದಲ್ಲ, ಆ ಜಾಗಕ್ಕೆ ಕೋಮಾ ಕರೆಕ್ಟರ್ ತರಿಸಿಕೊಳ್ಳಬಹುದು.